ಸಹಪ್ರವಾಸ ಮತ್ತು ಅನುಮೋದನೆಯ ಪ್ರಶ್ನೆ

ಗೃಹಸ್ಥಧರ್ಮದ ಹನ್ನೆರಡು ವ್ರತಗಳಲ್ಲಿ ದಿಗ್ವ್ರತದ ಮಾತು ಪ್ರವಚನಗಳಲ್ಲಿ ಅಪರೂಪವಾಗುತ್ತಿದೆ. ಅಹಿಂಸೆ, ಅಪರಿಗ್ರಹಗಳ ವಿವರಣೆ ನಡೆಯುವಾಗ ಎಚ್ಚರವಾಗಿರುವ ಸಭೆಯು ದಿಗ್ವ್ರತದ ಹೆಸರು ಬಂದೊಡನೆ, ಅದು ಎತ್ತಿನ ಗಾಡಿಯ ಕಾಲದ ಕಟ್ಟಳೆಯೆಂಬ ಭಾವದಿಂದ ಕೈಗಡಿಯಾರ ನೋಡತೊಡಗುತ್ತದೆ. ಆದರೆ ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗುಣವ್ರತಗಳನ್ನು ಹೇಳುವಾಗ ಮೊದಲು ಎತ್ತಿಕೊಂಡಿರುವುದು ಇದನ್ನೇ. ಸಮುದ್ರ, ನದಿ, ಅಡವಿ, ಬೆಟ್ಟ ಮುಂತಾದ ಪ್ರಸಿದ್ಧ ಗುರುತುಗಳನ್ನು ಎಲ್ಲೆಯಾಗಿ ಇಟ್ಟುಕೊಂಡು, ಅದರಿಂದಾಚೆ ಹೋಗೆನೆಂದು ಶ್ರಾವಕನು ನಿಯಮ ತೊಡಬೇಕು. ಆ ಎಲ್ಲೆಯ ಹೊರಗಿನ ಜೀವಗಳ ಮಟ್ಟಿಗೆ ಅವನ ಅಣುವ್ರತವೇ ಮಹಾವ್ರತದ ಸಮೀಪಕ್ಕೆ ಬರುತ್ತದೆ ಎಂಬುದು ಆಚಾರ್ಯರ ಆಶಯ. ಹೋಗದ ನಾಡಿನಲ್ಲಿ ಪಾಪ ಮಾಡುವ ಅವಕಾಶವೇ ಇಲ್ಲವಲ್ಲ!

ವ್ಯಾಪಾರಕ್ಕಾಗಿ, ವಿದ್ಯೆಗಾಗಿ, ಮಕ್ಕಳ ಬಾಣಂತನಕ್ಕಾಗಿ ಸಮುದ್ರ ದಾಟುವುದು ಸಮಾಜಕ್ಕೆ ಹೊಸತಲ್ಲ. 1893ರಲ್ಲಿ ಶಿಕಾಗೋದ ಸರ್ವಧರ್ಮ ಸಮ್ಮೇಳನಕ್ಕೆ ಮುನಿಗಳು ಹಡಗಿನಲ್ಲಿ ಹೋಗುವಂತಿಲ್ಲವೆಂದು ಶ್ರಾವಕರಾದ ವೀರಚಂದ ರಾಘವಜಿ ಗಾಂಧಿಯವರು ಹೋದರು. ಅಲ್ಲಿ ಪ್ರಯೋಜನ ಸ್ಪಷ್ಟವಾಗಿತ್ತು. ಇದೀಗ ಬೇರೊಂದು ಬಗೆಯ ಪ್ರಯಾಣ ಬಂದಿದೆ. ಕೇವಲ ನೋಡುವುದಕ್ಕಾಗಿ, ಪರದೇಶದ ರಸ್ತೆಯ ಮೇಲೆ, ಹಿಂದೆಂದೂ ಕಂಡಿರದ ಹತ್ತು ದೇಶದ ಜನರೊಡನೆ ಒಂದೇ ವಾಹನದಲ್ಲಿ, ಒಂದೇ ಒಲೆಯ ಮುಂದೆ ದಿನಗಳನ್ನು ಕಳೆಯುವ ಪ್ರಯಾಣವದು. 1957ರಲ್ಲಿ ಲಂಡನ್ನಿನಿಂದ ಕಲ್ಕತ್ತೆಗೆ ಬಸ್ಸು ಬಂದದ್ದು ಇದರ ಹಳೆಯ ರೂಪಗಳಲ್ಲೊಂದು. 1979ರಲ್ಲಿ ಇರಾನಿನ ಕ್ರಾಂತಿಯೂ ಅಫಘಾನಿಸ್ತಾನದ ಮೇಲಿನ ಸೋವಿಯತ್ ಆಕ್ರಮಣವೂ ನಡೆದ ಮೇಲೆ ಆ ದಾರಿ ಮುಚ್ಚಿತು. ಪೂರ್ವ ಆಫ್ರಿಕಾದ ದಾರಿಗಳಲ್ಲಿ ಅಂಥ ಪ್ರವಾಸ ಈಗಲೂ ನಡೆಯುತ್ತದೆ. ಲಾರಿಯ ಅಡಿಗಟ್ಟಿನ ಮೇಲೆ ಬಸ್ಸಿನಂತೆ ಆಸನಗಳನ್ನು ಜೋಡಿಸಿದ ಎತ್ತರದ ವಾಹನ. ಅದರ ಹೊಟ್ಟೆಯಲ್ಲಿ ಡೇರೆ, ನೀರಿನ ತೊಟ್ಟಿ, ಅಡುಗೆಯ ಸಾಮಾನು. ಪ್ರವಾಸಿಗಳೇ ಸರದಿಯ ಪ್ರಕಾರ ಸಂತೆ ಮಾಡಬೇಕು, ಕಾಯಿಪಲ್ಲೆ ಹೆಚ್ಚಬೇಕು, ಪಾತ್ರೆ ತೊಳೆಯಬೇಕು.

ಬೆಳಗಾವಿ ಜಿಲ್ಲೆಯ ಒಬ್ಬ ಕಾಳುಕಡಿ ವ್ಯಾಪಾರಿ ಶ್ರಾವಕರೂ ಅವರ ಧರ್ಮಪತ್ನಿಯೂ ಜರ್ಮನಿಯಲ್ಲಿ ನೌಕರಿಯಲ್ಲಿರುವ ಮಗಳ ಒತ್ತಾಯಕ್ಕೆ ಕಟ್ಟುಬಿದ್ದು ಇಂತಹ ಪ್ರವಾಸಕ್ಕೆ ಹೊರಟರು. ನೈರೋಬಿಯಿಂದ ಆರಂಭವಾಗಿ, ನಮಾಂಗಾದಲ್ಲಿ ಗಡಿ ದಾಟಿ, ಅರುಷಾ, ಸೆರೆಂಗೆಟಿಗಳ ಮೂಲಕ ದಾರ್ ಎಸ್ ಸಲಾಮ್‌ನಲ್ಲಿ ಮುಗಿಯುವ ಹದಿನಾಲ್ಕು ದಿನಗಳ ಪ್ರಯಾಣ. ಅವರಿಗೆ ಅಷ್ಟರವರೆಗೆ ಗೊತ್ತಿದ್ದ ಗುಂಪು ಪ್ರಯಾಣವೆಂದರೆ ಸಮ್ಮೇದ ಶಿಖರಜಿಯ ಯಾತ್ರೆಯ ಬಸ್ಸು. ಅಲ್ಲಿ ಸೂರ್ಯ ಇಳಿಯತೊಡಗಿದರೆ ಯಾರೂ ಹೇಳದೆಯೇ ಬಸ್ಸು ನಿಲ್ಲುತ್ತದೆ, ಬುತ್ತಿ ಬಿಚ್ಚುತ್ತದೆ. ಈ ಲಾರಿಯಲ್ಲಿದ್ದವರು ಹತ್ತೊಂಬತ್ತು ಜನ. ಆಸ್ಟ್ರೇಲಿಯಾದ ಇಬ್ಬರು ಅಣ್ಣತಮ್ಮಂದಿರು, ನಿವೃತ್ತರಾದ ಜರ್ಮನ್ ಶಿಕ್ಷಕ ದಂಪತಿಗಳು, ಮಲೇಷಿಯಾದ ಮುಸ್ಲಿಂ ದಾದಿ, ಹಾಲು ತುಪ್ಪವನ್ನೂ ತ್ಯಜಿಸಿದ ಒಬ್ಬ ಡಚ್ ತರುಣ, ಕೊರಿಯಾದ ವಿದ್ಯಾರ್ಥಿನಿ, ಹೀಗೆ.

ವ್ರತದ ಪರೀಕ್ಷೆ ಆಫ್ರಿಕಾ ತಲುಪುವ ಮೊದಲೇ ಆರಂಭವಾಗಿತ್ತೆಂಬುದನ್ನು ಮರೆಯಬಾರದು. ಆ ನಾಡುಗಳಿಗೆ ಹೋಗಿಬರುವ ಭಾರತೀಯರು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಹೊಂದಿರಬೇಕು. ಮರಳಿ ಬರುವಾಗ ಭಾರತದ ವಿಮಾನ ನಿಲ್ದಾಣದಲ್ಲಿಯೂ ಅದನ್ನು ಕೇಳುತ್ತಾರೆ. ಈ ಲಸಿಕೆಗಾಗಿ ಮ್ಯಾಕ್ಸ್ ಥೀಲರ್ ಎಂಬ ವಿಜ್ಞಾನಿಗೆ 1951ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅದರ ವೈರಾಣುವನ್ನು ಬೆಳೆಸುವುದು ಕೋಳಿಮೊಟ್ಟೆಯೊಳಗಿನ ಭ್ರೂಣದಲ್ಲಿ. ಜೀವಮಾನದಲ್ಲಿ ಮೊಟ್ಟೆಯ ಸೋಂಕು ತಾಗಿಸಿಕೊಳ್ಳದವರು ತೋಳು ಒಡ್ಡಿ ಅದನ್ನು ಒಳಗೆ ಬಿಟ್ಟುಕೊಳ್ಳಬೇಕಾಯಿತು. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳಿಂದ ಗೃಹಸ್ಥನು ಪೂರ್ತಿ ಪಾರಾಗಲಾರ, ಸಂಕಲ್ಪೀ ಹಿಂಸೆಯನ್ನು ಮಾತ್ರ ಬಿಡಲೇಬೇಕು ಎಂಬ ವಿಭಾಗ ಎಲ್ಲರಿಗೂ ತಿಳಿದದ್ದೇ. ಜೀವನೋಪಾಯಕ್ಕಾಗಿ ಅಲ್ಲಿಗೆ ಹೋಗಲೇಬೇಕಾದವನು ಈ ಸೂಜಿಯನ್ನು ರೋಗದ ವಿರುದ್ಧ ಆತ್ಮರಕ್ಷಣೆಯೆಂದು ಹೇಳಿಕೊಳ್ಳಬಹುದು. ಜಿಂಕೆ ಆನೆಗಳನ್ನು ನೋಡಿಬರಲು ಹೋಗುವವನು ಹಾಗೆ ಹೇಳುವುದು ಕಷ್ಟ. ಪ್ರಯೋಜನವಿಲ್ಲದ ಹಿಂಸೆಗೆ ಅನರ್ಥದಂಡವೆಂದು ಹೆಸರು. ಇಡೀ ಪ್ರಯಾಣವೇ ಅನರ್ಥದಂಡವಾಗಿರಬಹುದೇ ಎಂಬ ಪ್ರಶ್ನೆಯನ್ನು ಆ ಶ್ರಾವಕರು ಲಸಿಕೆಯ ಕೇಂದ್ರದಲ್ಲಿ ಕುಳಿತಾಗಲೇ ಕೇಳಿಕೊಂಡರು. ಆದರೆ ಟಿಕೆಟ್ಟಿನ ಹಣ ಕಟ್ಟಿಯಾಗಿತ್ತು. ಕಟ್ಟಿದ ಹಣ ಎಷ್ಟೋ ಜನರ ವಿವೇಕವನ್ನು ಹೀಗೆ ಬಾಯಿ ಮುಚ್ಚಿಸುತ್ತದೆ.

ನೈರೋಬಿಯಲ್ಲಿ ಅವರಿಗೆ ತೊಂದರೆಯಾಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಗುಜರಾತದ ಹಾಲಾರ ಸೀಮೆಯ ಓಸವಾಳ ಜೈನರು ಕೆನ್ಯಾದಲ್ಲಿ ನೆಲೆಸಿದ್ದಾರೆ. ನೈರೋಬಿಯ ದಿಗಂಬರ ಮಂದಿರದ ಪ್ರತಿಷ್ಠೆಗಾಗಿ 1980ರಲ್ಲಿ ಕಾನಜಿಸ್ವಾಮಿಯವರು ಅಲ್ಲಿಗೆ ಹೋಗಿದ್ದರು. ದರ್ಶನ, ಶುದ್ಧ ಭೋಜನ ಎರಡೂ ಲಭಿಸಿದವು. ಮರುದಿನ ಲಾರಿ ಹೊರಟಿತು, ಸಮಸ್ಯೆಯೂ ಹೊರಟಿತು.

ಸಮಸ್ಯೆ ತಟ್ಟೆಯದಲ್ಲ. ಸಸ್ಯಾಹಾರ ಬೇಕೆಂದು ಮೊದಲೇ ತಿಳಿಸಿದ್ದರು. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗೆಣಸು ಇಲ್ಲದ ಊಟವೆಂದರೇನೆಂದು ಕೆನ್ಯಾದ ಅಡುಗೆಯವನಿಗೆ ಮಗಳು ಬರೆದುಕೊಟ್ಟಿದ್ದಳು. ಅಲ್ಲಿನ ಜನಸಾಮಾನ್ಯರ ಊಟವೇ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ, ಸುಕುಮಾ ವಿಕಿ ಎಂಬ ಸೊಪ್ಪು, ಅವರೆ ಜಾತಿಯ ಕಾಳು. ಚಪಾತಿಗೆ ಅವರೂ ಚಪಾತಿಯೆಂದೇ ಅನ್ನುತ್ತಾರೆ. ಉಗಾಲಿ ಎನ್ನುವ ಆ ಮುದ್ದೆಯನ್ನು ಮುರಿದಾಗ ಆ ತಾಯಿಗೆ ಜೋಳದ ನುಚ್ಚಿನ ನೆನಪಾಯಿತಂತೆ. ಸಮಸ್ಯೆ ಇದ್ದದ್ದು ಹಣದ ಪೆಟ್ಟಿಗೆಯಲ್ಲಿ. ಇಂಥ ಪ್ರವಾಸಗಳಲ್ಲಿ ಕೆಲವು ಸಂಸ್ಥೆಗಳವರು ಮೊದಲ ದಿನವೇ ಎಲ್ಲರಿಂದ ಸಮಪಾಲು ನಗದು ಕೂಡಿಸಿ, ಅದರಿಂದಲೇ ದಾರಿಯುದ್ದಕ್ಕೂ ಸಂತೆ ಮಾಡುತ್ತಾರೆ. ಮೂರನೆಯ ದಿನ ಒಂದು ಪೇಟೆಯಲ್ಲಿ ಲಾರಿ ನಿಂತಾಗ, ತಾವು ಕೊಟ್ಟ ನೋಟುಗಳೂ ಸೇರಿದ ಆ ಪೆಟ್ಟಿಗೆಯಿಂದ ಹಣ ತೆಗೆದು ಕಸಾಯಿ ಅಂಗಡಿಗೆ ಕೊಟ್ಟದ್ದನ್ನು ಶ್ರಾವಕರು ಕಣ್ಣಾರೆ ಕಂಡರು.

ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಾಗಿಲುಗಳನ್ನು ಶಾಸ್ತ್ರ ಹೇಳುತ್ತದೆ. ತಾನೇ ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ಒಪ್ಪುವುದು. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರನ್ನು ಮನ ವಚನ ಕಾಯಗಳೆಂಬ ಮೂರರಿಂದಲೂ, ಈ ಮೂರರಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ ನೂರೆಂಟಾಗುತ್ತದೆ. ಜಪಮಾಲೆಯ ಮಣಿಗಳ ಲೆಕ್ಕ ಅದೇ. ಸಾಮೂಹಿಕ ನಿಧಿಗೆ ಕೊಟ್ಟ ಹಣದಿಂದ ಮಾಂಸ ಕೊಂಡರೆ ಅದು ಈ ನೂರೆಂಟರಲ್ಲಿ ಯಾವುದು? ಸರ್ಕಾರಕ್ಕೆ ಕಟ್ಟುವ ಕಂದಾಯದಿಂದಲೂ ಎಷ್ಟೋ ನಡೆಯುತ್ತದೆ, ಅದರ ಪಾಪ ಕಟ್ಟಿದವನಿಗಿಲ್ಲ ಎಂದು ವಾದಿಸುವವರುಂಟು. ಆದರೆ ಕಂದಾಯದಲ್ಲಿ ಆಯ್ಕೆಯಿಲ್ಲ. ಸಂಗಡಿಗರ ಪೆಟ್ಟಿಗೆಯಲ್ಲಿ ಆಯ್ಕೆ ಇದೆಯೋ ಇಲ್ಲವೋ ಎಂಬುದು ಬಾಯಿ ತೆರೆದು ಕೇಳುವವರೆಗೆ ತಿಳಿಯುವುದಿಲ್ಲ. ಕೇಳುವ ಮೊದಲೇ ದಾರಿಯಿಲ್ಲವೆನ್ನುವುದು ಸಂಕೋಚ. ಆ ಸಂಕೋಚವು ಮೌನ ಸಮ್ಮತಿಯಾದರೆ ಅದು ಅನುಮೋದಿತದ ಬಾಗಿಲಿಗೆ ಬಂದಂತೆಯೇ ಸರಿ.

ಅವರು ಕೇಳಿದರು. ಲೆಕ್ಕ ತೊಡಕಾಗುತ್ತದೆಂದು ಗುಂಪಿನ ಮುಖಂಡ ಹಿಂಜರಿದ. ನಲವತ್ತು ವರ್ಷ ಅಂಗಡಿಯ ಕಿರ್ದಿ ಬರೆದವರಿಗೆ ಈ ತೊಡಕು ದೊಡ್ಡದಾಗಿ ಕಾಣಲಿಲ್ಲ. ಲೆಕ್ಕ ತಾವೇ ಬರೆಯುವುದಾಗಿ ಒಪ್ಪಿಕೊಂಡರು. ಅಕ್ಕಿ, ಹಿಟ್ಟು, ಹಣ್ಣು, ಇದ್ದಿಲು, ನೀರು ಇವೆಲ್ಲ ಹತ್ತೊಂಬತ್ತು ಪಾಲು. ಮಾಂಸ, ಮೀನು, ಮೊಟ್ಟೆಗಳದು ತಿನ್ನುವವರ ಪಾಲು. ಆಸ್ಟ್ರೇಲಿಯಾದ ಹಿರಿಯ ತರುಣನಿಗೆ ಇದು ಹಿಡಿಸಲಿಲ್ಲ. ಒಟ್ಟಿಗೆ ಹೊರಟ ಮೇಲೆ ಒಟ್ಟಿಗೆ ತಿನ್ನುವುದೇ ನ್ಯಾಯವೆಂದು ಅವನ ವಾದ. ಆದರೆ ಡಚ್ ತರುಣನೂ, ಹಲಾಲ್ ಅಲ್ಲದ್ದನ್ನು ಮುಟ್ಟದ ದಾದಿಯೂ ಈ ಏರ್ಪಾಡಿನಿಂದ ಹಗುರಾದರು. ತಮಗೂ ಮನಸ್ಸಿನಲ್ಲಿ ಇದ್ದುದೇ ಇದು, ಕೇಳಲು ನಾಚಿಕೆಯಾಗಿತ್ತು ಎಂದು ಇಬ್ಬರೂ ಬೇರೆ ಬೇರೆಯಾಗಿ ಬಂದು ಹೇಳಿದರಂತೆ.

ಹೊಸ ತೊಡಕು ಅಂದೇ ಸಂಜೆ ಎದುರಾಯಿತು. ಲೆಕ್ಕ ಬರೆಯುವವರು ದನದ ಮಾಂಸ ಇಷ್ಟು ಕಿಲೋ, ಇಷ್ಟು ಶಿಲಿಂಗು ಎಂದು ತಮ್ಮ ಕೈಯಿಂದಲೇ ಬರೆಯಬೇಕಾಗಿತ್ತು. ಕೈ ಏಳಲಿಲ್ಲ. ಆ ಸಾಲುಗಳನ್ನು ಮಗಳಿಂದ ಬರೆಯಿಸಿದರು. ಆಗ ಅವರ ಪತ್ನಿ, "ಅಲ್ರೀ, ನೀವು ಬಾಯಿಲೆ ಹೇಳೂದು, ಅಕಿ ಕೈಲೆ ಬರಿಯೂದು, ಕಾರಿತ ಅಂದ್ರ ಇದ ಅಲ್ಲೇನು?" ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಮರುದಿನದಿಂದ ತಾವೇ ಬರೆದರು. ನಡೆದದ್ದನ್ನು ಇದ್ದಂತೆ ದಾಖಲಿಸುವವನು ಸಾಕ್ಷಿಯೇ ಹೊರತು ಪಾಲುದಾರನಲ್ಲ ಎಂಬ ಅವರ ನಿಲುವು ಸರಿಯೆಂದೇ ತೋರುತ್ತದೆ. ತಪ್ಪು ಲೆಕ್ಕ ಬರೆದಿದ್ದರೆ ಸತ್ಯಾಣುವ್ರತಕ್ಕೆ ಭಂಗ. ಮಗಳ ಕೈಗೆ ದಾಟಿಸಿದರೆ ಮಾಯೆ, ಅಂದರೆ ಕಪಟ ಕಷಾಯ.

ಬೇರೆ ಬಾಣಲೆ, ಬೇರೆ ಚಾಕು, ಬೇರೆ ಖಾತೆ ಇಷ್ಟಾದ ಮೇಲೆ ವ್ರತ ಭದ್ರವಾಯಿತೆಂದು ಅವರು ಭಾವಿಸಿದರು. ಬೇರೆ ಬಾಣಲೆಯ ಜೊತೆಗೆ ಬೇರೊಂದು ವಸ್ತುವೂ ಬಂದಿತ್ತು. ಇತರರ ತಟ್ಟೆಯನ್ನು ಕಂಡಾಗ ಮುಖ ಸಿಂಡರಿಸುವುದು, ಅವರ ಚಮಚ ತಮ್ಮದರ ಹತ್ತಿರ ಬಂದರೆ ಸರಕ್ಕನೆ ಎತ್ತಿಕೊಳ್ಳುವುದು, ಮಗಳೊಡನೆ ಕನ್ನಡದಲ್ಲಿ ಆಡುವ ಮಾತುಗಳು. ಭಾಷೆ ತಿಳಿಯದಿದ್ದರೂ ಭಾವ ತಿಳಿಯುತ್ತದೆ. ಇದು ಅಹಿಂಸೆಯಲ್ಲ, ಮಾನ ಕಷಾಯ. ಇನ್ನೊಂದು ಕಡೆ, ಇದಕ್ಕೆ ಪರಿಹಾರವಾಗಿ ಅನೇಕಾಂತವನ್ನು ಮುಂದೆ ತರುವ ರೂಢಿಯೂ ಇದೆ. ಎಲ್ಲರೂ ಅವರವರ ದೃಷ್ಟಿಯಲ್ಲಿ ಸರಿ, ಆದ್ದರಿಂದ ತಟ್ಟೆಯ ವಿಷಯ ಎತ್ತಬಾರದು ಎಂದು ಹೇಳುವವರಿದ್ದಾರೆ. ಅನೇಕಾಂತವು ವಸ್ತುವಿನ ಅನಂತ ಧರ್ಮಗಳ ವಿಚಾರ. ಕೊಲ್ಲುವುದೂ ಕೊಲ್ಲದಿರುವುದೂ ಸಮವೆಂದು ಅದು ಎಲ್ಲಿಯೂ ಹೇಳುವುದಿಲ್ಲ. ಸಭ್ಯತೆಗೆ ಸಿದ್ಧಾಂತದ ಅಂಗಿ ತೊಡಿಸುವ ಅಗತ್ಯವಿಲ್ಲ. ಸಭ್ಯತೆ ತಾನಾಗಿಯೇ ಬೇಕಾದಷ್ಟು ದೊಡ್ಡದು.

ಅಲ್ಲಿ ಕಂಡ ಸಭ್ಯತೆಯ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಸಮಭಾಜಕ ವೃತ್ತದ ಸಮೀಪದ ಆ ಪ್ರದೇಶದಲ್ಲಿ ಸೂರ್ಯಾಸ್ತದ ವೇಳೆ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ. ನೈರೋಬಿಯಲ್ಲಿ ಸುಮಾರು ಆರೂವರೆ. ಸ್ವಾಹಿಲಿ ಜನ ಗಂಟೆಗಳನ್ನು ಎಣಿಸುವುದೂ ಸೂರ್ಯೋದಯದಿಂದಲೇ. ಗಡಿಯಾರದ ಬೆಳಗಿನ ಏಳು ಅವರಿಗೆ ಒಂದು ಗಂಟೆ, ಸಂಜೆಯ ಆರು ಅವರಿಗೆ ಹನ್ನೆರಡು. ಹನ್ನೆರಡು ಹೊಡೆಯುವುದರೊಳಗೆ ಊಟ ಮುಗಿಯಬೇಕೆಂದು ಹೇಳಿದಾಗ ಅಡುಗೆಯವನಿಗೆ ಅನಸ್ತಮಿತ ನಿಯಮ ಅರ್ಥವಾಯಿತು. ದಿನವೂ ಹೊತ್ತು ನೋಡಿ ಎಚ್ಚರಿಸಿದವಳು ಆ ಮುಸ್ಲಿಂ ದಾದಿ. ರಂಜಾನಿನ ತಿಂಗಳಲ್ಲಿ ಸೂರ್ಯಾಸ್ತವನ್ನು ಕಾಯುವ ಅಭ್ಯಾಸ ಅವಳಿಗೆ ಚಿಕ್ಕಂದಿನಿಂದ ಇತ್ತು. ಒಬ್ಬರ ಊಟ ಮುಗಿಯಬೇಕಾದ ಗಳಿಗೆ ಇನ್ನೊಬ್ಬರ ಉಪವಾಸ ಬಿಡುವ ಗಳಿಗೆ. ದಾರಿಯಲ್ಲಿ ತಡವಾದ ಎರಡು ದಿನ ಅವಳು ತನ್ನ ಬಾಳೆಹಣ್ಣುಗಳನ್ನು ಮುಂಚಿತವಾಗಿ ತಂದುಕೊಟ್ಟಳು.

ಜೈನ ಅಡುಗೆಯವರನ್ನೇ ಸಂಗಡ ಕರೆದೊಯ್ಯುವ ವಿದೇಶ ಪ್ರವಾಸಗಳು ಇರುವಾಗ ಇಷ್ಟೆಲ್ಲ ತೊಂದರೆ ಏಕೆಂದು ವಾಚಕರು ಕೇಳಬಹುದು. ನಿಜ, ಅದು ಸುಲಭದ ದಾರಿ. ಆದರೆ ಶ್ರಾವಕರು ಹೊತ್ತಿಗೆ ಮುಂಚೆ ಉಂಡು ಮಲಗಿದ ಮೇಲೆ ಮರುದಿನದ ಬುತ್ತಿಗಾಗಿ ಅಡುಗೆಯ ಹುಡುಗರು ನಡುರಾತ್ರಿಯವರೆಗೆ ದೀಪದ ಕೆಳಗೆ ಒಲೆ ಉರಿಸುತ್ತಾ ನಿಂತರೆ, ರಾತ್ರಿಯ ಆರಂಭವನ್ನು ಇನ್ನೊಬ್ಬರ ತಲೆಗೆ ಕಟ್ಟಿದಂತಾಗುತ್ತದೆ. ಯಾತ್ರೆಗಳನ್ನು ಏರ್ಪಡಿಸುವ ಬಸದಿ ಟ್ರಸ್ಟುಗಳು ಇದನ್ನು ಗಮನಿಸುವುದು ಒಳ್ಳೆಯದು. ಬುತ್ತಿಯ ವಿಷಯದಲ್ಲಿ ಇನ್ನೊಂದು ಸಣ್ಣ ಸೂಚನೆ: ಪ್ಲಾಸ್ಟಿಕ್ ಕೈಚೀಲಗಳನ್ನು ಕೆನ್ಯಾ 2017ರಲ್ಲಿಯೂ ಟಾಂಜಾನಿಯಾ 2019ರಲ್ಲಿಯೂ ನಿಷೇಧಿಸಿವೆ, ಅವಲಕ್ಕಿ, ಖಾಕರಾಗಳನ್ನು ಬಟ್ಟೆಯ ಚೀಲದಲ್ಲಿ ಒಯ್ಯಬೇಕು.

ಹತ್ತನೆಯ ದಿನ ಸೆರೆಂಗೆಟಿ. ಸುಮಾರು ಹದಿನೈದು ಸಾವಿರ ಚದರ ಕಿಲೋಮೀಟರಿನ ಹುಲ್ಲುಗಾವಲು. ದೊಡ್ಡ ಲಾರಿಯನ್ನು ಬಿಟ್ಟು, ಮೇಲ್ಛಾವಣಿ ಎತ್ತಬಹುದಾದ ಸಣ್ಣ ವಾಹನಗಳಲ್ಲಿ ಎಲ್ಲರೂ ಹೋದರು. ಬೆಳಗಿನ ಹೊತ್ತು ಒಂದು ಚೀತಾ ಗೆದ್ದಲಿನ ಹುತ್ತದ ಮೇಲೆ ಕುಳಿತಿತ್ತು. ಚೀತಾ ಹಗಲಿನಲ್ಲಿ ಬೇಟೆಯಾಡುವ ಪ್ರಾಣಿ. ದೂರದಲ್ಲಿ ಥಾಮ್ಸನ್ ಗೆಜೆಲ್ ಎಂಬ ಸಣ್ಣ ಜಿಂಕೆಗಳ ಹಿಂಡು ಮೇಯುತ್ತಿತ್ತು. ಚಾಲಕ ಎಂಜಿನ್ ನಿಲ್ಲಿಸಿದ. ಒಂದು ಗಂಟೆಗೂ ಹೆಚ್ಚು ಕಾಲ ಎಲ್ಲರೂ ಉಸಿರು ಬಿಗಿಹಿಡಿದು ನಿಂತರು. ಪತ್ನಿ ತಲೆ ತಗ್ಗಿಸಿ ಣಮೋಕಾರ ಜಪಿಸತೊಡಗಿದರು. ಕೊನೆಗೆ ಅದು ಇಳಿದು ಓಡಿತು. ಅರ್ಧ ನಿಮಿಷವೂ ಹಿಡಿಯಲಿಲ್ಲ. ವಾಹನದಲ್ಲಿ ಕೇಕೆ ಎದ್ದಿತು. ಆ ಕೇಕೆಯಲ್ಲಿ ಒಂದು ದನಿ ತಮ್ಮದೆಂದು ಶ್ರಾವಕರಿಗೆ ಅದು ಬಾಯಿಂದ ಹೊರಬಿದ್ದ ಮೇಲೆ ತಿಳಿಯಿತು.

ರಾಘವ ಮತ್ಸ್ಯದ ಕಿವಿಯಲ್ಲಿದ್ದ ತಂದುಲ ಮತ್ಸ್ಯದ ಕಥೆಯನ್ನು ಕೇಳದ ಜೈನ ಮನೆಯಿಲ್ಲ. ಅಕ್ಕಿಕಾಳಿನಷ್ಟಿದ್ದ ಆ ಮೀನು ಒಂದು ಜೀವವನ್ನೂ ತಿನ್ನಲಿಲ್ಲ. ದೊಡ್ಡ ಮೀನಿನ ತೆರೆದ ಬಾಯಿಂದ ಪಾರಾಗುವ ಜೀವಗಳನ್ನು ಕಂಡು, ಇದರ ಜಾಗದಲ್ಲಿ ತಾನಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲವೆಂದು ಭಾವಿಸಿತು. ಅಷ್ಟಕ್ಕೇ ಏಳನೆಯ ನರಕಕ್ಕಿಳಿಯಿತು. ಚೀತಾಕ್ಕೆ ಹಸಿವಿತ್ತು. ವರ್ಧಮಾನ ಸ್ವಾಮಿಯ ಜೀವವೇ ಹಿಂದೊಂದು ಭವದಲ್ಲಿ ಸಿಂಹವಾಗಿ, ಚಾರಣ ಮುನಿಗಳ ಉಪದೇಶದಿಂದ ಹಿಂಸೆಯನ್ನು ತೊರೆದದ್ದು ನಿಜ. ಆ ಭಾಗ್ಯ ಈ ಮೃಗಕ್ಕೆ ಇನ್ನೂ ಬಂದಿಲ್ಲ. ನೋಡುತ್ತಾ ನಿಂತವರಿಗೆ ಯಾವ ಹಸಿವು? ಜಿಂಕೆ ತಪ್ಪಿಸಿಕೊಂಡರೆ ಎಂಬ ಅಂಜಿಕೆ, ಕಾದ ಹೊತ್ತು ವ್ಯರ್ಥವಾಗಬಾರದೆಂಬ ಆಸೆ. ಅಪಧ್ಯಾನಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆ ಸಿಕ್ಕುವುದು ಕಷ್ಟ. ಮಾಂಸದ ಸಾಲಿಗೆ ಒಂದು ಶಿಲಿಂಗನ್ನೂ ಸೇರಿಸದ ಖಾತೆಯಲ್ಲಿ ಈ ಬಾಬು ಬರೆಯಲು ಅಂಕಣವೇ ಇರಲಿಲ್ಲ.

ಆ ರಾತ್ರಿ ಡೇರೆಯಲ್ಲಿ ಪ್ರತಿಕ್ರಮಣ ಮುಗಿದ ಮೇಲೆ ಅವರು ಪತ್ನಿಗೆ ಇದನ್ನು ಹೇಳಿದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವೂ ನೋಡಿದ್ದಾಗಿ, ತಲೆ ತಗ್ಗಿಸಿದ್ದರೂ ಓಟ ಶುರುವಾದಾಗ ಕಣ್ಣು ತಾನಾಗಿ ಎದ್ದದ್ದಾಗಿ ಹೇಳಿದರು. ಇಬ್ಬರೂ ಬಹಳ ಹೊತ್ತು ನಿದ್ರೆ ಮಾಡಲಿಲ್ಲ.

ಮರುದಿನದಿಂದ ಅವರ ನಡೆಯಲ್ಲಿ ಆದ ಬದಲಾವಣೆ ಚರ್ಚೆಗೆ ಯೋಗ್ಯವಾಗಿದೆ. ಅಲ್ಲಿಯವರೆಗೆ ಪಾತ್ರೆ ತೊಳೆಯುವ ಸರದಿ ಬಂದಾಗ ಈ ಕುಟುಂಬಕ್ಕೆ ಮಾಂಸದ ಪಾತ್ರೆಯಿಂದ ವಿನಾಯಿತಿ ಇತ್ತು. ಆಸ್ಟ್ರೇಲಿಯಾದ ಅಣ್ಣತಮ್ಮಂದಿರು ಗೊಣಗುತ್ತಾ ಅದನ್ನು ತೊಳೆಯುತ್ತಿದ್ದರು. (ತೊಳೆದ ತಟ್ಟೆಗಳನ್ನು ಬಟ್ಟೆಯಿಂದ ಒರೆಸದೆ ಎಲ್ಲರೂ ಸಾಲಾಗಿ ನಿಂತು ಗಾಳಿಯಲ್ಲಿ ಬೀಸಿ ಒಣಗಿಸುವುದು ಇಂಥ ಪ್ರವಾಸಗಳ ಪದ್ಧತಿ. ವಾಯುಕಾಯಿಕ ಜೀವಗಳ ಗತಿಯನ್ನು ನೆನೆದು ದಂಪತಿಗಳು ತಮ್ಮ ತಟ್ಟೆಗಳನ್ನು ಬಿಸಿಲಿಗೆ ಇಡುತ್ತಿದ್ದರು.) ಹನ್ನೊಂದನೆಯ ದಿನ ಶ್ರಾವಕರು ಆ ಪಾತ್ರೆಯನ್ನು ತಾವೇ ಎತ್ತಿಕೊಂಡು ತೊಳೆದರು. ಕೊಲ್ಲುವುದು, ಕೊಳ್ಳುವುದು, ಬೇಯಿಸುವುದು, ಮೆಚ್ಚುವುದು ಯಾವುದೂ ತೊಳೆಯುವುದರಲ್ಲಿಲ್ಲ. ಇಷ್ಟು ದಿನ ತಮ್ಮನ್ನು ತಡೆದದ್ದು ವ್ರತವಲ್ಲ, ಜುಗುಪ್ಸೆ ಎಂಬುದು ಅವರ ವಾದ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಯೂ ಒಂದು. ಮುನಿರೂಪದಿಂದ ಬಂದವನ ವಾಂತಿಯನ್ನು ಹೇಸದೆ ತೊಳೆದ ಉದ್ದಾಯನ ಮಹಾರಾಜನ ಉದಾಹರಣೆಯನ್ನು ಅವರು ಕೊಡುತ್ತಾರೆ.

ಪತ್ನಿ ಇದನ್ನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಉದ್ದಾಯನನು ಮಾಡಿದ್ದು ರತ್ನತ್ರಯಧಾರಿಯೆಂದು ಭಾವಿಸಿದವರ ಸೇವೆ, ಬಾಣಲೆಯದಲ್ಲ ಎನ್ನುತ್ತಾರೆ. ಆಕೆಯ ಪಕ್ಷಕ್ಕೆ ಶಾಸ್ತ್ರಾಧಾರವೂ ಬಲವಾಗಿದೆ. ಹಸಿ ಮಾಂಸವಿರಲಿ, ಬೆಂದ ಮಾಂಸವಿರಲಿ, ಅದರಲ್ಲಿ ನಿಗೋದ ಜೀವಗಳು ನಿರಂತರವಾಗಿ ಉತ್ಪನ್ನವಾಗುತ್ತವೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ತಿಳಿಸಿದ್ದಾರೆ. ಹಾಗಾದರೆ ಆ ಪಾತ್ರೆಯನ್ನು ತಿಕ್ಕುವುದೂ ಕೃತವೇ. ಯಾರಾದರೊಬ್ಬರು ತೊಳೆಯಲೇಬೇಕಿತ್ತಲ್ಲ ಎಂದು ಪತಿ ಹೇಳಿದರೆ, ಯಾರಾದರೂ ತೊಳೆಯುತ್ತಾರೆ ಎಂಬ ಮಾತು ಯಾರಾದರೂ ಕೊಲ್ಲುತ್ತಾರೆ ಎಂಬ ಮಾತಿನ ತಮ್ಮನೆಂದು ಆಕೆಯ ಉತ್ತರ. ಉಳಿದ ಮೂರು ದಿನ ಪತಿ ಪಾತ್ರೆ ತೊಳೆದರು, ಪತ್ನಿ ದೂರ ಕುಳಿತರು, ದಾರ್ ಎಸ್ ಸಲಾಮ್‌ನಲ್ಲಿ ಖಾತೆ ಮುಗಿಸಿ ಉಳಿಕೆ ಹಣವನ್ನು ಎಲ್ಲರಿಗೂ ಹಂಚಿದಾಗ ಒಂದು ಶಿಲಿಂಗಿನ ವ್ಯತ್ಯಾಸವೂ ಬರಲಿಲ್ಲ. ಪಾತ್ರೆಯ ವಿಷಯವನ್ನು ಮಾತ್ರ ಇಬ್ಬರೂ ಊರಿಗೆ ತಂದಿದ್ದಾರೆ. ಚಾತುರ್ಮಾಸಕ್ಕೆ ಮುನಿಸಂಘ ಬಂದಾಗ ಕೇಳಬೇಕೆಂದು ಇಟ್ಟುಕೊಂಡಿದ್ದಾರೆ.